ನಿಟ್ಟಿನ ಮೇಲಿನ ಆರನೆಯವನು

ಬೆಳಗಾದೊಡನೆ ನಮ್ಮ ಪಡಸಾಲೆಯ ಮೂಲೆಯಲ್ಲಿ ಕೌದಿಗಳ ನಿಟ್ಟೊಂದು ಏಳುತ್ತದೆ. ಮಡಿಸಿದ ಕೌದಿಗಳನ್ನು ಒಂದರ ಮೇಲೊಂದು ಒಟ್ಟಿ, ಮೇಲೆ ದಿಂಬುಗಳನ್ನಿಟ್ಟರೆ ಅದು ನನ್ನ ಎದೆಮಟ್ಟ ಬರುತ್ತದೆ. ಅದಕ್ಕೆ ಬೆನ್ನು ಕೊಟ್ಟು ಚಹಾ ಕುಡಿಯುವುದು ಸಂಸಾರಸ್ಥರೆಲ್ಲ ಬಲ್ಲ ಸುಖ. ನಾನು ಮಾತ್ರ ಅದರಿಂದ ಮಾರು ದೂರದಲ್ಲಿ, ಯಾವ ಆಸರೆಯೂ ಇಲ್ಲದೆ, ಪರೀಕ್ಷೆಗೆ ಕೂತ ಹುಡುಗನ ಹಾಗೆ ನೆಟ್ಟಗೆ ಕೂರುತ್ತೇನೆ.

"ಅವು ಕೌದಿ ಅದಾವರಿ. ಮೈಮ್ಯಾಲ ಬಿದ್ರ ಬೆಚ್ಚಗಾಗತೈತಿ, ಅಷ್ಟ" ಎನ್ನುತ್ತಾಳೆ ನನ್ನಾಕೆ. ನಾನು ನಗುತ್ತೇನೆ. ಜಾಗ ಮಾತ್ರ ಬದಲಿಸುವುದಿಲ್ಲ.

ಓದುಗ ಮಿತ್ರರೇ, ನನ್ನ ಈ ಪುಕ್ಕಲುತನಕ್ಕೆ ಕಾರಣ ಅರ್ಥಶಾಸ್ತ್ರ. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದ ಹೊಸತರಲ್ಲಿ, ಎರಡನೆಯ ಮಹಾಯುದ್ಧದ ದಿನಗಳಲ್ಲಿ, ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಪತ್ರ ಬರೆಯುವ ಗುಮಾಸ್ತನಾಗಿದ್ದೆ. ಕೂಲಿಕಾರರು ಸಂಘ ಕಟ್ಟಿದರೆ ಕೂಲಿ ಏರುತ್ತದೆ, ಕೂಲಿ ಏರಿದರೆ ಕೆಲಸ ಇಳಿಯುತ್ತದೆ ಎಂಬ ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆ ಗೆದ್ದಿದ್ದ ನನಗೆ, ಆ ಸೂತ್ರವನ್ನು ಯಾರ ಮೇಲಾದರೂ ಪ್ರಯೋಗಿಸಿ ನೋಡುವ ಚಪಲವಿತ್ತು. ಗಿರಣಿಯ ಹಮಾಲರು ಸಿಕ್ಕರು.

ಅವರದು ಆರಾರು ಜನರ ಮೇಳ. ಐವರು ಬತ್ತದ ಚೀಲ ಹೊರುವವರು. ಆರನೆಯವನು ಚೀಲಗಳ ನಿಟ್ಟಿನ ಮೇಲೆ ನಿಂತು, ಬಂದ ಚೀಲವನ್ನು ಹೇಗೆ ಮಲಗಿಸಬೇಕೆಂದು ಹೇಳುವವನು. ಹೊತ್ತು ಹೊತ್ತು ಬೆನ್ನು ಸೋತವನಿಗೆ ಮೇಳ ಕೊಡುವ ಸ್ಥಾನ ಅದು; ಪಾಲು ಮಾತ್ರ ಎಲ್ಲರಷ್ಟೇ. ನಮ್ಮಲ್ಲಿ ಆ ಸ್ಥಾನದಲ್ಲಿದ್ದವರಲ್ಲೆಲ್ಲ ಹಿರಿಯ ಹನುಮಪ್ಪಜ್ಜ. ತಂಬಾಕು ಅಗಿಯುತ್ತ, ಆಗಾಗ ಹೇಮಗುಡ್ಡದ ಕಡೆ ನೋಡುತ್ತ, "ಅಡ್ಡ ಹಾಕ... ಹಾಂ, ಈಗ ಉದ್ದ" ಎನ್ನುವುದಷ್ಟೇ ಅವನ ದುಡಿಮೆ ಎಂದು ನನಗೆ ಕಂಡಿತ್ತು. ಆರನೆಯವನು ಉತ್ಪಾದನೆಗೆ ಏನನ್ನೂ ಸೇರಿಸುವುದಿಲ್ಲ, ಐದು ಪಾಲಿನ ಕೂಲಿ ಸಾಕು ಎಂದು ಗಿರಣಿಯ ಸಾಹುಕಾರರಿಗೆ ಸೊಗಸಾದ ಭಾಷೆಯಲ್ಲಿ ಬರೆದುಕೊಟ್ಟೆ. ಸಾಹುಕಾರರಿಗೆ ಅಷ್ಟು ಇಷ್ಟವಾದ ಬರಹವನ್ನು ನಾನು ಮತ್ತೆಂದೂ ಬರೆದಿಲ್ಲ.

ಹಮಾಲರ ಸಂಘವೆಂದರೆ ಗೇಟಿನೆದುರಿನ ಒಂದು ಬೇವಿನ ಮರ, ಅದರ ನೆರಳಲ್ಲಿ ಕೂತ ಮೂವತ್ತು ಜನ. ಅಜ್ಜನ ಪಾಲು ಹೋದರೆ ನಮ್ಮ ಹೆಗಲೂ ಇಲ್ಲ ಎಂದು ಅವರು ಎದ್ದುಹೋಗಿ ಅಲ್ಲಿ ಕೂತರು. ಬತ್ತದ ಗಾಡಿಗಳು ಬೀದಿಯುದ್ದಕ್ಕೂ ನಿಂತವು. ಸಾಹುಕಾರರು ಯಲಬುರ್ಗಾ ಕಡೆಯ ಮಂಗಳೂರಿನಿಂದ ಹೊಸ ಆಳುಗಳನ್ನು ಕರೆಸಿದರು. ಗಟ್ಟಿ ಆಳುಗಳು, ಜೋಳದ ಸೊಪ್ಪೆಯ ಬಣವೆ ಒಟ್ಟಿ ಬಲ್ಲವರು. ಚೀಲದ ನಿಟ್ಟು ಕಂಡವರಲ್ಲ. ಹೊರುವುದಕ್ಕೆ ವಿದ್ಯೆ ಯಾಕೆ ಬೇಕು ಎಂದು ಸಾಹುಕಾರರಿಗೆ ಧೈರ್ಯ ಹೇಳಿದವನೂ ನಾನೇ.

ಹೊಸ ಆಳುಗಳು ಕೆಲಸಕ್ಕಿಳಿದ ದಿನ ಮಧ್ಯಾಹ್ನ ನಿಟ್ಟಿನ ಬುಡದಲ್ಲಿ ನಿಂತು, ಇನ್ನೆರಡು ಸಾಲು ಮೇಲೇರಿಸಿ ಎಂದು ಹುರಿದುಂಬಿಸುತ್ತಿದ್ದೆ. ಬೆಳಗಿನಿಂದ ಬೇವಿನ ಮರದ ಕಡೆಯಿಂದ ಕುಚೋದ್ಯ ಹರಿದುಬರುತ್ತಿತ್ತು. "ಸಾಹೇಬ್ರ, ಪುಸ್ತಕ ತಲಿ ಮ್ಯಾಲಿಟ್ಕೊಂಡು ನಿಂದರ್ರಿ, ಬಿದ್ದ ಚೀಲ ತಡಿತೈತಿ!" ಎಂದು ಒಬ್ಬ ಕೂಗಿದ್ದ. ಆದ್ದರಿಂದ ಹನುಮಪ್ಪಜ್ಜ ಎದ್ದು ನಿಂತು, "ಏ ಬಿ.ಎ. ಸಾಹೇಬ್ರ, ಈಚಿಗೆ ಬರ್ರಿ! ನಿಟ್ಟು ಉಸುರು ಬಿಡಾಕ ಹತ್ತೈತಿ!" ಎಂದಾಗ ಅದೂ ಚೇಷ್ಟೆಯೆಂದೇ ತಿಳಿದೆ.

"ಅಜ್ಜಾ, ನಿನ್ನ ಉಸುರು ನೀ ನೋಡ್ಕೋ" ಎಂದುಬಿಟ್ಟೆ.

ನನ್ನ ಹೆಗಲ ಮೇಲೆ ನಾಲ್ಕು ಬತ್ತದ ಕಾಳು ಬಿದ್ದವು. ಝಾಡಿಸಿದೆ. ಮತ್ತೆ ಬಿದ್ದವು, ಈಗ ಸಣ್ಣ ಧಾರೆಯಾಗಿ. ಮತ್ತೆ ಝಾಡಿಸಿದೆ. ಆ ಝಾಡಿಸುವ ಕೈಯನ್ನು ಇಂದಿಗೂ ದಿನಕ್ಕೊಮ್ಮೆಯಾದರೂ ಕಾಣುತ್ತೇನೆ; ಕೋಟು ಮಾಸೀತೆಂಬ ಚಿಂತೆಯಲ್ಲಿದ್ದ, ತನ್ನ ತಲೆಯ ಮೇಲೇನಿದೆ ಎಂದು ನೋಡದ ಕೈ. ಯಾರೋ ಹಿಂದಿನಿಂದ ಕೊರಳಪಟ್ಟಿ ಹಿಡಿದು ಎಳೆದರು. ನಾನು ಅಂಗಾತ ಬಿದ್ದೆ. ನಾನು ನಿಂತಿದ್ದ ಜಾಗದಲ್ಲಿ ಒಂದು ಸದ್ದು. ಗುಡುಗಿನದಲ್ಲ, ಎಮ್ಮೆಯೊಂದು ನಿಧಾನವಾಗಿ ಮಗ್ಗುಲಾದಂಥದು. ಧೂಳು ಇಳಿದಾಗ ನನ್ನ ಒಂದು ಬೂಟು ಚೀಲಗಳ ಅಡಿಯಲ್ಲಿತ್ತು. ಕಾಲು ನನ್ನ ಜೊತೆಯಲ್ಲೇ ಇದೆಯೆಂದು ಮುಟ್ಟಿ ನೋಡಿಕೊಂಡೆ.

ನಿಟ್ಟಿನ ಮೇಲಿದ್ದ ಮಂಗಳೂರಿನ ಆಳು ಚೀಲಗಳೊಡನೆ ಜಾರಿ ಬಂದು, ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಹನುಮಪ್ಪಜ್ಜ ನನ್ನನ್ನು ಬಿಟ್ಟು ಅವನ ಬಳಿ ಕುಕ್ಕರಿಸಿದ. "ಚೀಲದ ಬಾಯಿ ಹೊರಗ ಹಾಕೀಯಲ್ಲೋ ತಮ್ಮಾ. ಹೊಲಿಗಿ ಬಿಚ್ಚಿದ್ರ ಕಾಳು ಸೋರತಾವ, ಚೀಲ ಜೋಲ್ತೈತಿ. ಬಾಯಿ ಯಾವಾಗ್ಲೂ ಒಳಗ ಇರಬೇಕು" ಎನ್ನುತ್ತ ತನ್ನ ರುಮಾಲಿನಿಂದ ಆ ಕೈಯನ್ನು ಕೊರಳಿಗೆ ಕಟ್ಟಿದ.

ಮರದಡಿ ಅಜ್ಜನಿಗೆ ವಿಚಾರಣೆ ಕಾದಿತ್ತು. "ಗಿರಣಿ ಕೆಲಸ ಮುಟ್ಟಂಗಿಲ್ಲಂತ ಎಲ್ಲಾರೂ ಆಣಿ ಮಾಡಿದ್ವಿ. ನೀ ಒಳಗ ಹೋದೆಲ್ಲಜ್ಜಾ?" ಎಂದರು.

"ಚೀಲ ಮುಟ್ಟಂಗಿಲ್ಲಂತ ಆಣಿ ಐತಿ. ನಾ ಮುಟ್ಟಿದ್ದು ಚೀಲಲ್ಲ, ಬಿ.ಎ." ಎಂದ. ಮೂವತ್ತು ಜನ ನಕ್ಕರು. ಒಂಟಿ ಬೂಟಿನಲ್ಲಿ ನಿಂತಿದ್ದ ನಾನೂ ನಕ್ಕೆನೆಂದು ನೆನಪು, ಅತ್ತಿದ್ದರೂ ಇರಬಹುದು.

ಮರುದಿನ ಸಾಹುಕಾರರಿಗೆ ಇನ್ನೊಂದು ಪತ್ರ ಬರೆದೆ. ಅದರಲ್ಲಿ ಸೊಗಸೇನೂ ಇರಲಿಲ್ಲ. ಆರನೆಯ ಪಾಲು ಮರಳಿತು, ಅಜ್ಜ ನಿಟ್ಟು ಹತ್ತಿದ. ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮನಸ್ಸಿಗೂ ನಿರಾಳವಿತ್ತು. ಆದರೆ ವಾರ ಕಳೆಯುವುದರೊಳಗೆ ಸಾಹುಕಾರರು ಆ ಪಾಲನ್ನು ಬತ್ತ ತಂದ ರೈತರಿಂದಲೇ ಮುರಿದುಕೊಳ್ಳತೊಡಗಿದರು. ನನ್ನ ತಲೆ ಕಾಯುವ ಖರ್ಚನ್ನು ಎಂದೂ ನಿಟ್ಟು ಹತ್ತದ ರೈತ ಕೊಡುತ್ತಿದ್ದ. ಮಂಗಳೂರಿನವರು ಹೊರಟ ದಿನ ಕೈ ಮುರಿದವನು ನನ್ನ ಬಳಿ ಬಂದು, "ನಾಳಿಂದ ನಮಗ ಕೆಲಸ ಇಲ್ಲನ್ರಿ?" ಎಂದು ಕೇಳಿದ್ದ. ಸಂಘ ಗೆದ್ದರೆ ಯಾರೋ ಒಬ್ಬರು ಹೊರಗುಳಿಯುತ್ತಾರೆ ಎಂಬುದು ನನ್ನ ಪುಸ್ತಕದಲ್ಲಿತ್ತು. ಹೊರಗುಳಿದವನು ಹೀಗೆ ಎದುರು ನಿಂತಾಗ ಏನು ಹೇಳಬೇಕೆಂಬುದು ಅದರಲ್ಲಿರಲಿಲ್ಲ. ಅವನಿಗಾಗಿ ಯಾವ ಮರದಡಿಯಲ್ಲೂ ಯಾರೂ ಕೂತಿರಲಿಲ್ಲ. ನಿಟ್ಟಿನ ಮೇಲಿಂದ ಅಜ್ಜನೇ ಕೂಗಿ ಹೇಳಿದ: "ಕೈ ಕೂಡಿದ ಮ್ಯಾಲ ಬಾರೋ ತಮ್ಮಾ. ನಿಟ್ಟು ಹಚ್ಚೋದು ಕಲಸ್ತೀನಿ." ಅವನು ಬಂದನೋ ಇಲ್ಲವೋ ನಾನರಿಯೆ, ಅಷ್ಟರಲ್ಲಿ ನಾನು ಗಿರಣಿ ಬಿಟ್ಟು ಕೊಪ್ಪಳದಲ್ಲಿ ಮಾಸ್ತರನಾಗಿದ್ದೆ.

ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಕೌದಿಗಳನ್ನೆಲ್ಲ ಇಳಿಸಿ, ಒಂದು ಅಡ್ಡ ಒಂದು ಉದ್ದ, ಬಿಚ್ಚಿಕೊಳ್ಳುವ ಅಂಚು ಒಳಗೆ ಬರುವಂತೆ ನಾನೇ ಒಟ್ಟಿದೆ. ಬೆನ್ನು ಕೊಟ್ಟು ಕೂತೆ. ಚಹಾ ಲೋಟ ತುಟಿಯವರೆಗೆ ಬಂದಿತ್ತು, ಹೆಗಲ ಮೇಲೆ ಏನೋ ಹಗುರಾಗಿ ಬಿತ್ತು. ಕೌದಿಯಿಂದ ಕಿತ್ತುಬಂದ ಒಂದು ಎಳೆ ದಾರ. ನಾನು ಅದನ್ನು ಝಾಡಿಸಲಿಲ್ಲ. ಎದ್ದು ಮಾರು ದೂರ ಹೋಗಿ ಕೂತೆ.

ನನ್ನಾಕೆ ನಕ್ಕಳು. ಆಮೇಲೆ ನಿಟ್ಟಿನ ಕಡೆಗೊಮ್ಮೆ ನೋಡಿ, ತನ್ನ ಲೋಟ ಎತ್ತಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು.