ಊರಿಗೆಲ್ಲ ಹಂಚಿಹೋದ ನೀಲತ್ತಿ

ಚುನಾವಣೆ ಹತ್ತಿರ ಬಂದು, ಮೈಕು ಕಟ್ಟಿಕೊಂಡ ಆಟೋ ನಮ್ಮ ಬೀದಿಯ ತಿರುವಿನಲ್ಲಿ ಗೊರಗೊರ ಸದ್ದು ಮಾಡಿದರೆ ಸಾಕು, ಈಗಲೂ ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ಕೂಗುವ ಹೆಸರು ಯಾರದೇ ಇರಲಿ, ನನಗೆ ಕೇಳಿಸುವುದು ನೀಲತ್ತಿಯ ಹೆಸರೇ. ರಾವೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ನೀರು ಚಿಮುಕಿಸಿದ ಪರಸಿಗಲ್ಲಿನ ನೆಲದ ತಂಪಿನ ಮೇಲೆ ಅವಳ ತೊಡೆಗೆ ತಲೆಯಿಟ್ಟು ಮಲಗಿದ್ದಾಗ ಮೊದಲ ಸಲ ಆ ಹೆಸರು ಬೀದಿಯಿಂದ ಕೇಳಿಬಂತು. "ನಿನ್ನ ಹೆಸರು ಒದರ್ಲಿಕತ್ಯಾರ ಅತ್ತಿ" ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನಾನು ಕರೆಯುವ ಹೆಸರನ್ನು ಕಂಡಕಂಡವರು ಕರೆಯುವುದು ಅಂದೇ ನನಗೆ ಸೇರಲಿಲ್ಲ.

ನೀಲತ್ತಿ ಅಪ್ಪನ ಒಬ್ಬಳೇ ತಂಗಿ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ ತವರಿಗೆ ಬಂದವಳು. ಅವ್ವ ಹೊಲ, ದನ, ಅಡುಗೆ ಎಂದು ಮುಳುಗಿರುತ್ತಿದ್ದಳು, ಹಾಗಾಗಿ ನಾನು ಅತ್ತಿಯ ಪಾಲಾಗಿದ್ದೆ. ಅಂದರೆ ಅವಳು ನನ್ನ ಪಾಲಾಗಿದ್ದಳು. ಗಂಜಿ ಹಾಕಿದ ಅವಳ ನೂಲಿನ ಸೀರೆಯ ವಾಸನೆ, ಹಣೆಯ ವಿಭೂತಿಯ ವಾಸನೆ, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಎಣ್ಣೆ ಸವರಿ ಮಡಿಸಿ ಅವಳು ನನ್ನ ಕೈಗಿಡುತ್ತಿದ್ದ ತುತ್ತು, ಇವೆಲ್ಲ ನನಗೊಬ್ಬಳಿಗೇ ಸೇರಿದ್ದವು. ನೀವೂ ಸಣ್ಣವರಿದ್ದಾಗ ಯಾರಾದರೊಬ್ಬರನ್ನು ಹೀಗೆ ಪೂರ್ತಿ ನಿಮ್ಮವರೆಂದು ತಿಳಿದಿರಬಹುದು. ಆ ನಂಬಿಕೆ ಎಲ್ಲಿ ಮುರಿಯಿತೆಂಬುದು ನಿಮಗೂ ನೆನಪಿರಬಹುದು.

ಅಪ್ಪ ಪಕ್ಷದ ಹಳೆಯ ಆಳು. ಯಾವ ಮುಖಂಡ ವಾಡಿ ಸ್ಟೇಷನ್ನಿಗೆ ಬಂದಿಳಿದರೂ ಮಾಲೆ ಹಿಡಿದು ನಿಂತವರಲ್ಲಿ ಅವನಿರುತ್ತಿದ್ದ. ಟಿಕೆಟ್ ಮಾತ್ರ ಪ್ರತಿಸಲ ಬೇರೆಯವರ ಪಾಲಾಗುತ್ತಿತ್ತು. ಕೊನೆಗೆ ಅವನ ಸರದಿ ಬಂತು ಎನ್ನುವಾಗ ತಾಲ್ಲೂಕು ಪಂಚಾಯತಿಯ ನಮ್ಮ ಕ್ಷೇತ್ರ ಹೆಂಗಸರಿಗೆ ಮೀಸಲಾಯಿತು. ಅವ್ವ ನಾಲ್ಕು ಜನರೆದುರು ಬಾಯಿ ತೆರೆಯದವಳು. ಅತ್ತಿ ಏಳನೆಯ ಇಯತ್ತೆ ಓದಿದವಳು. "ನೀ ಬರೇ ಸಹಿ ಮಾಡವ್ವ, ಮುಂದಿಂದು ನಾ ನೋಡ್ಕೋತೀನಿ" ಎಂದು ಅಪ್ಪ ಅವಳನ್ನು ನಿಲ್ಲಿಸಿದ. ಅವಳು ಗೆದ್ದಳು. ಗುಲಾಲು ಮೆತ್ತಿದ ಮುಖದಲ್ಲಿ ಅಪ್ಪ ತಾನೇ ಗೆದ್ದವನಂತೆ ಊರೆಲ್ಲ ತಿರುಗಿದ.

ತಾಲ್ಲೂಕಿನ ಮೊದಲ ಸಭೆಗೆ ಅಪ್ಪನೂ ಹೋಗಿ ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತನಂತೆ. ಕಲ್ಲಿನ ಗಣಿಗಳ ಹತ್ತಿರದ ಗುಡಿಸಲುಗಳಿಗೆ ನೀರಿನ ವಿಷಯ ಬಂದಾಗ ಅಧಿಕಾರಿಯೊಬ್ಬರು ರೂಢಿಯಂತೆ ಅಪ್ಪನ ಕಡೆ ತಿರುಗಿ ಕೇಳಿದರು. ಅತ್ತಿ ಸೆರಗು ಸರಿಮಾಡಿಕೊಂಡು ಎದ್ದು ನಿಂತು, "ನನ್ನ ಕೇಳ್ರಿ ಸಾಹೇಬ್ರ. ಆರಿಸಿ ಬಂದಾಕಿ ನಾನು" ಎಂದಳು. ಊರಲ್ಲಿ ಬಹಳ ವರ್ಷ ಓಡಾಡಿದ ಮಾತಿದು. ಅಂದು ಅಪ್ಪ ಒಬ್ಬನೇ ಬಸ್ಸಿನಲ್ಲಿ ಮನೆಗೆ ಬಂದ. ಅವ್ವ ಚಹಾ ಕೊಟ್ಟರೆ ಮುಟ್ಟಲಿಲ್ಲ. ಅದು ಬರೀ ಸಿಟ್ಟಲ್ಲ, ಹೊಟ್ಟೆಕಿಚ್ಚು ಎಂಬುದು ನನಗೆ ತಕ್ಷಣ ತಿಳಿಯಿತು. ಅದೇ ಬೇನೆ ನನಗೂ ಇತ್ತಲ್ಲ.

ಅಷ್ಟರಲ್ಲಿ ನಮ್ಮ ಪಡಸಾಲೆ ಮುಂಜಾನೆಯಿಂದಲೇ ತುಂಬತೊಡಗಿತ್ತು. ಪಿಂಚಣಿ ನಿಂತ ಮುದುಕಿಯರು, ಕೈಕಾಲಿಗೆಲ್ಲ ಕಲ್ಲಿನ ಬಿಳಿ ಧೂಳು ಮೆತ್ತಿಕೊಂಡ ಗಣಿಯ ಹೆಂಗಸರು. ಅವರು ಅವಳನ್ನು ನೀಲವ್ವ ಎನ್ನುತ್ತಿದ್ದರು. ಅವರ ಕೂಸುಗಳನ್ನು ಅತ್ತಿ ತೊಡೆಯ ಮೇಲೆ ಹಾಕಿಕೊಂಡೇ ಮಾತು ಕೇಳುತ್ತಿದ್ದಳು. ಕಂಬಕ್ಕೆ ಒರಗಿ ನಾನು ಆ ಕೂಸುಗಳನ್ನೇ ನೋಡುತ್ತಿದ್ದೆ, ಯಾವಾಗ ಇಳಿದಾವು ಎಂದು. ಒಮ್ಮೆ ಫ್ರಾಕಿನ ಬಟ್ಟೆ ಕೊಡಿಸಲು ನನ್ನೊಬ್ಬಳನ್ನೇ ವಾಡಿಗೆ ಕರೆದೊಯ್ದಳು. ಹಿಂದಿನ ದಿನದಿಂದ ನಾನು ಕುಣಿಯುತ್ತಿದ್ದೆ. ಬಸ್ಸಿಳಿದು ಅಂಗಡಿಯ ತನಕದ ದಾರಿ ಸಣ್ಣದು, ಆದರೆ ಹೆಜ್ಜೆಗೊಬ್ಬರು ಅವಳನ್ನು ತಡೆದರು. ಒಬ್ಬನಿಗೆ ರೇಷನ್ ಕಾರ್ಡು, ಇನ್ನೊಬ್ಬಳಿಗೆ ಕುಡುಕ ಗಂಡ. ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಸಿಲಲ್ಲಿ ನಿಂತೇ ಇದ್ದೆ. ಅಂಗಡಿ ಮುಟ್ಟುವ ಹೊತ್ತಿಗೆ ಬಾಗಿಲೆಳೆದಿದ್ದರು. "ಮುಂದಿನ ವಾರ ಬರಮು, ಬಂಗಾರಾ" ಎಂದಳು. ಮುಂದಿನ ವಾರ ಅವಳು ಚಿಂಚೋಳಿಯ ಪಕ್ಷದ ಸಭೆಗೆ ಹೋದಳು.

ಅವಧಿ ಮುಗಿದು ಮತ್ತೆ ಚುನಾವಣೆ ಬಂದಾಗ ಪಕ್ಷ ಅವಳಿಗೇ ಟಿಕೆಟ್ ಕೊಟ್ಟಿತು. ಕ್ಷೇತ್ರ ಹೆಂಗಸರಿಗೇ ಉಳಿದಿತ್ತು. ಅಪ್ಪ ಎದುರು ಪಕ್ಷಕ್ಕೆ ಹೋಗಿ ಅವ್ವನನ್ನು ನಿಲ್ಲಿಸಿದ. ಬೇರೆಯವರಿಗೆ ಇದು ನಗೆಯ ವಿಷಯ. ನಮ್ಮ ಮನೆಯ ಒಂದು ಗೋಡೆಗೆ ಅವ್ವನ ಚಿತ್ರ, ಇನ್ನೊಂದಕ್ಕೆ ಅತ್ತಿಯ ಚಿತ್ರ. ಒಳಗೆ ಒಂದೇ ಒಲೆ. ಅವ್ವ ರೊಟ್ಟಿ ಬಡಿಯುವಳು, ಅತ್ತಿ ಬೇಯಿಸುವಳು. ಒಂದು ಮುಂಜಾನೆ ಅವ್ವ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು, "ನೀಲಾ, ಭಾಷಣದಾಗ ನಿನಗ ಏನರೆ ಅಂದ್ರ ಮನಸಿಗಿ ಹಚ್ಕೋಬ್ಯಾಡವ್ವ. ಅವ್ರು ಬರದು ಕೊಟ್ಟಿದ್ದು ಓದ್ತೀನಿ" ಎಂದಳು. ಅತ್ತಿ ರೊಟ್ಟಿ ತಿರುವಿಹಾಕುತ್ತ, "ಓದ್ರಿ ವೈನಿ. ಜರಾ ಜೋರ ಓದ್ರಿ, ನಿನ್ನಿ ಹಿಂದ ಕುಂತವ್ರಿಗಿ ಕೇಳಿಲ್ಲಂತ" ಎಂದಳು. ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಅತ್ತರು. ಅವ್ವನ ಮೇಲೂ ನನಗೆ ಅಸೂಯೆಯಾಯಿತು. ಅತ್ತಿ ನನ್ನೆದುರು ಒಮ್ಮೆಯೂ ಅತ್ತಿರಲಿಲ್ಲ.

ಗೆದ್ದವಳು ಅವ್ವ. ನಮ್ಮದೇ ಮನೆಯ ಮತಗಳು ಎರಡಾಗಿ ಒಡೆದು, ನೆಂಟರು ಅಪ್ಪನ ಮಾತಿಗೆ ಬಿದ್ದರು. ಅಂಗಳದಲ್ಲಿ ಹಲಗೆ ಬಡಿಯುವಾಗ ಅತ್ತಿ ಹೊರಬಂದು ಎಲ್ಲರೆದುರು ವೈನಿಗೆ ಮಾಲೆ ಹಾಕಿದಳು. ಅಪ್ಪ ಅವಳ ಕಡೆ ನೋಡದೆ, "ಈ ಮನ್ಯಾಗ ಇನ್ನ ಒಂದೇ ಪಾರ್ಟಿ" ಎಂದ. ಸಂಜೆಯೊಳಗೆ ಅವಳು ಒಂದು ಟ್ರಂಕು ಹಿಡಿದು ವಾಡಿಗೆ ಹೊರಟಳು. ನಾನೂ ಬರುತ್ತೇನೆಂದು ಅಡ್ಡ ನಿಂತೆ. ನನ್ನ ಗದ್ದ ಹಿಡಿದು, "ನಿನಗ ಅವ್ವ ಅದಾಳ. ಅಕಿಗಿ ಈಗ ನೀ ಬೇಕು" ಎಂದಳು. ಅವ್ವ ಐದು ವರ್ಷ ಅಪ್ಪ ತೋರಿಸಿದಲ್ಲಿ ಸಹಿ ಮಾಡಿದಳು. ಆ ಪಡಸಾಲೆಗೆ ಯಾವ ಮುದುಕಿಯೂ ಮತ್ತೆ ಬರಲಿಲ್ಲ. ನಾನು ಬಯಸಿದ್ದ ಖಾಲಿ ಪಡಸಾಲೆ ನನಗೆ ಸಿಕ್ಕಿತು, ಅತ್ತಿ ಇಲ್ಲದೆ.

ಅವಳಿಗೆ ಮತ್ತೆ ಟಿಕೆಟ್ ಸಿಗಲಿಲ್ಲ. ಮೀಸಲಾತಿ ಬದಲಾಯಿತು, ಪಕ್ಷಕ್ಕೆ ಹೊಸಬರು ಬಂದರು. ಆದರೂ ಶಹಾಬಾದ, ಸೇಡಂ ಎಂದು ಬೇರೆಯವರ ಪರವಾಗಿ ಪ್ರಚಾರಕ್ಕೆ ತಿರುಗುತ್ತಿದ್ದಳು ಎಂದು ಕೇಳುತ್ತಿದ್ದೆ. ಎರಡೋ ಮೂರೋ ಸಲ ಹೋಗಿ ಕಂಡೆ. ಪ್ರತಿಸಲವೂ ಯಾರೋ ಇರುತ್ತಿದ್ದರು, ಚಹಾ ಆರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ರಾವೂರಿನ ಮನೆ ಪರರ ಪಾಲಾಗಿ, ಕೆಡವಿ ಕಲ್ಲು ಸಾಗಿಸಿದರು. ಅವ್ವ ನನ್ನ ಮನೆಯಲ್ಲೇ ಕಣ್ಣು ಮುಚ್ಚಿದಳು.

ಕಳೆದ ವರ್ಷ ಅತ್ತಿ ಹೋದ ಸುದ್ದಿ ಫೋನಿನಲ್ಲಿ ಬಂತು. ವಾಡಿಯ ಆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತಿಗೆ ವಿಭೂತಿ ಹಚ್ಚಿ, ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ನನ್ನ ವಯಸ್ಸಿನ ಹೆಂಗಸೊಬ್ಬಳು ಅವಳ ಪಾದ ಹಿಡಿದು ಅಳುತ್ತಿದ್ದಳು. ನನ್ನನ್ನು ಕಂಡು, "ನೀವು ಯಾರ್ರಿ?" ಎಂದಳು. ಅವರ ಅಣ್ಣನ ಮಗಳು ಎಂದೆ. "ಹೌದೇನ್ರಿ? ನಮ್ಮ ನೀಲವ್ವಗ ಅಣ್ಣ ಇದ್ದಿದ್ದೇ ನಮಗ ಗೊತ್ತಿಲ್ಲರಿ. ಕುಂದ್ರಿ" ಎಂದು ಸರಿದು ಜಾಗ ಮಾಡಿಕೊಟ್ಟಳು. ನನ್ನ ಅತ್ತಿಯ ಪಕ್ಕ ನನಗೇ ಜಾಗ.

ಮಣ್ಣು ಕೊಟ್ಟು ಬಂದ ಮೇಲೆ ಆಕೆ ನನ್ನನ್ನು ಹುಡುಕಿಕೊಂಡು ಬಂದಳು. ಹಿಂದೆ ಇನ್ನೂ ನಾಲ್ಕಾರು ಜನ. "ಅವ್ವ ರಾಜಕೀಯಕ್ಕ ಬರೂ ಮೊದಲ ಹ್ಯಾಂಗಿದ್ಳರಿ? ಮನ್ಯಾಗ ಏನ ಮಾಡ್ತಿದ್ಳು? ಜರಾ ಹೇಳ್ರಿ, ನಾವು ಕೇಳ್ತೀವಿ" ಎಂದಳು. ಅವರೆಲ್ಲರ ಮುಖಗಳು ನನ್ನ ಬಾಯನ್ನೇ ನೋಡುತ್ತಿದ್ದವು. ಇಷ್ಟು ವರ್ಷ ಅವಳನ್ನು ಉಂಡವರಿಗೆ ನನ್ನಲ್ಲಿ ಉಳಿದ ಇಷ್ಟೂ ಬೇಕಾಗಿತ್ತು.

"ನಾ ಭಾಳ ಸಣ್ಣಾಕಿದ್ದೆರಿ" ಎಂದೆ. "ನೆನಪಿಲ್ಲ."