ಕಬ್ಬು ಬಿಡಿಸಲು ಹೋದದ್ದು

ಅಫಜಲಪುರ ಕಡೆಯ ಹಳ್ಳಿಯೊಂದರಲ್ಲಿ ರೈತರ ಸಭೆ ಇತ್ತು. ನೀರು ಉಳಿಸಬೇಕು, ಕಬ್ಬು ಬಿಟ್ಟು ತೊಗರಿ ಬೆಳೆಯಿರಿ ಎಂದು ಕೃಷಿ ಇಲಾಖೆಯ ಪರವಾಗಿ ಹೇಳುವುದು ನನ್ನ ಕೆಲಸ. ತಿಂಗಳುಗಟ್ಟಲೆ ಹೊರತೆಗೆಯದಿದ್ದ ಬೈಕು ಚೌಡಾಪುರ ದಾಟುತ್ತಲೇ ನಿಂತುಬಿಟ್ಟಿತು. ರಸ್ತೆ ಬದಿಯ ಮೆಕ್ಯಾನಿಕ್ ಟ್ಯಾಂಕಿಗೆ ಮೂಗು ಹಚ್ಚಿ, "ಈಗಿನ ಪೆಟ್ರೋಲ್‌ನ್ಯಾಗ ಕಬ್ಬಿನ ಎಥೆನಾಲ್ ಇರ್ತದ್ರಿ. ಗಾಡಿ ಬಹಳ ದಿನ ನಿಲ್ಲಿಸಿದ್ರ ನೀರು ಹಿಡೀತದ" ಎಂದ.

"ಈ ಕಬ್ಬಿನ ಕಾಟ ಗಾಡಿಗೂ ಬಂತಾ!" ಎಂದು ರೇಗಿದೆ.

ಅಲ್ಲೇ ಕಬ್ಬಿನ ಟ್ರ್ಯಾಕ್ಟರಿಗೆ ಗಾಳಿ ಹಾಕಿಸುತ್ತಿದ್ದ ಮುದುಕರೊಬ್ಬರಿಗೆ ಆ ಮಾತು ತಾಗಿತು. "ಯಾಕ್ರಿ ಸಾಹೇಬ್ರ? ಕಬ್ಬು ಹಚ್ರಿ, ಪೆಟ್ರೋಲಿಗೆ ಬೇಕು ಅಂದವ್ರು ಸರ್ಕಾರದವ್ರೇ ಅಲ್ಲೇನ್ರಿ?"

"ನಾನೂ ಸರ್ಕಾರದವನೇ ಇದ್ದೇನ್ರಿ. ಕಬ್ಬು ಬಿಡ್ರಿ, ತೊಗರಿ ಬಿತ್ರಿ ಅಂತ ಹೇಳಾಕ ಹೊಂಟೇನಿ."

ಅವರು ನನ್ನನ್ನೂ ಬೈಕನ್ನೂ ಒಮ್ಮೆ ನೋಡಿದರು. "ತೊಗರಿ ಹಾಕಿದ್ರ ಇದು ಓಡ್ತದೇನ್ರಿ?"

ಮೆಕ್ಯಾನಿಕ್ ನಕ್ಕು ನಕ್ಕು ಕೈಯಲ್ಲಿದ್ದ ಸ್ಪ್ಯಾನರ್ ಬೀಳಿಸಿಕೊಂಡ. ಬೈಕು ಸಂಜೆಗೇ ಸಿಗುವುದು ಎಂದೂ ಹೇಳಿದ. ಅದೇ ದಾರಿಯಲ್ಲಿ ಕಾರ್ಖಾನೆಗೆ ಹೊರಟಿದ್ದ ಮುದುಕರು ನನ್ನನ್ನು ಟ್ರ್ಯಾಕ್ಟರಿನಲ್ಲಿ ಕೂಡಿಸಿಕೊಂಡು, ತಿನ್ನಲು ಒಂದು ಕಬ್ಬನ್ನೂ ಮುರಿದುಕೊಟ್ಟರು. ಸಭೆಯ ಮುಂದೆ ನಾನು ಇಳಿದದ್ದು ಅದನ್ನು ಅಗಿಯುತ್ತಲೇ. ಜನ ಚಪ್ಪಾಳೆ ತಟ್ಟಿದರು.

ಅಂದು ನಾನು ತೊಗರಿಗೆ ಬೀಳುವ ಹುಳದ ಬಗ್ಗೆ ಮಾತ್ರ ಮಾತಾಡಿ ಬಂದೆ.