ಮುನೇಶ್ವರನ ಮುಂದಿನ ಕೋಳಿಪುಕ್ಕ

ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು, ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸುತ್ತಾ ಪಡಸಾಲೆಯಲ್ಲಿ ಕೂತಿದ್ದೆ. ಹಿತಕಿದ ಬೇಳೆ ಸಾರು ಅಂದರೆ ನಮ್ಮತ್ತೆಗೆ ಪ್ರಾಣ. ಅರ್ಧ ಬೋಗುಣಿ ಆಗಿತ್ತೋ ಇಲ್ಲವೋ, ನಮ್ಮ ಯಜಮಾನರು ಹೆಗಲ ಮೇಲೆ ಟವೆಲ್ಲೂ ಇಲ್ಲದೆ ಓಡಿಬಂದರು.

"ಜೀಪು ಬಂತು ಕಣೆ! ಬಳ್ಳಾಪುರದ ಸಾಹೇಬ್ರು ನಮ್ಮ ಹೊಲ ನೋಡಾಕೆ ಬಂದವ್ರೆ!"

ಎಪ್ಪತ್ತರ ದಶಕದ ನಡುವಿನ ಮಾತು ಇದು. ಉಳುವವನಿಗೇ ಭೂಮಿ ಅಂತ ಹೊಸ ಕಾನೂನು ಬಂದಿತ್ತು. ತೂಬಗೆರೆ ಕಡೆಯ ನಮ್ಮೂರಿನಲ್ಲಿ ದೊಡ್ಡಮನೆಯವರ ಎರಡು ಎಕರೆ ಹೊಲವನ್ನು ಮಾವನ ಕಾಲದಿಂದ ನಾವು ವಾರಕ್ಕೆ ಮಾಡುತ್ತಿದ್ದೆವು. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ, ಎಲ್ಲ ಬಾಯಿಮಾತಿನಲ್ಲೇ. ಅದು ನಮ್ಮ ಹೆಸರಿಗಾಗಲಿ ಅಂತ ಯಜಮಾನರು ಬಳ್ಳಾಪುರದ ತಾಲೂಕು ಕಚೇರಿಗೆ ಅರ್ಜಿ ಹಾಕಿದ್ದರು. ದೊಡ್ಡಮನೆಯ ಹಿರಿಯರು ಹಾಸಿಗೆ ಹಿಡಿದಿದ್ದರಿಂದ ಬೆಂಗಳೂರಿನ ಅಳಿಯ ವ್ಯವಹಾರ ನೋಡುತ್ತಿದ್ದರು. ಅವರು, "ಇವರು ಗೇಣಿದಾರರೇ ಅಲ್ಲ, ನಮ್ಮ ಹೊಲಕ್ಕೆ ಕೂಲಿಗೆ ಬರೋರು" ಅಂದುಬಿಟ್ಟಿದ್ದರು. ಆ ಮಾತು ನಿಂತರೆ ಹೊಲ ನಮ್ಮ ಕೈತಪ್ಪುತ್ತಿತ್ತು. ನಾವು ಉಣ್ಣುತ್ತಿದ್ದ ಮುದ್ದೆಯೆಲ್ಲಾ ಆ ಹೊಲದ್ದೇ.

"ನೀವು ಹೆಂಗಸರು ಬರಬೇಡಿ" ಅಂದರು ಇವರು.

ಅತ್ತೆ ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದರು. "ಆ ಹೊಲದಾಗೆ ಕಳೆ ಕಿತ್ತಿದ್ದು ಯಾರ್ಲಾ, ನಿಮ್ಮಪ್ಪನಾ? ನಡಿ ಮುಂದಕ್ಕೆ!"

ನಾನು ಬೋಗುಣಿಗೆ ಮೊರ ಮುಚ್ಚಿ, ದೇವರ ಗೂಡಿಗೆ ಕೈಮುಗಿದು, ಅವರ ಹಿಂದೆ ಓಡಿದೆ. ಓಡಿದ್ದೇ ಓಡಿದ್ದು. ಭಯಕ್ಕೋ ಖುಷಿಗೋ, ಈಗಲೂ ಹೇಳಲಾರೆ. ಅಷ್ಟು ವರ್ಷ ನಾವು ಏನು ಬೆಳೆದೆವು ಅಂತ ಕೇಳುವವರಿದ್ದರೇ ಹೊರತು ಬೆಳೆದವರು ಯಾರು ಅಂತ ಕೇಳಲು ಯಾರೂ ಬಂದಿರಲಿಲ್ಲ. ಈಗ ಜೀಪಿನಲ್ಲಿ ಬಂದಿದ್ದರು!

ಹೊಲದಲ್ಲಿ ಊರೇ ನೆರೆದಿತ್ತು. ರಾಗಿ ಕೊಯ್ದಾಗಿತ್ತು, ಅವರೆ ಸಾಲು ಮಾತ್ರ ಹಸಿರಾಗಿ ನಿಂತಿತ್ತು. ಸಾಹೇಬರು ಎಲ್ಲರನ್ನೂ ಒಂದೇ ಮಾತು ಕೇಳಿದರು. "ಈ ಹೊಲ ಮಾಡ್ತಿರೋದು ಯಾರು?"

ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರದ್ದೂ ತಪ್ಪಲ್ಲ. ಬೇಸಿಗೆಯಲ್ಲಿ ಊರಿಗೆಲ್ಲ ನೀರು ದೊಡ್ಡಮನೆಯ ಬಾವಿಯದು, ದನಕ್ಕೆ ಮೇವು ಅವರ ಬಣವೆಯದು. ಅಳಿಯ ಪಕ್ಕದಲ್ಲೇ ನಿಂತಿರುವಾಗ ಯಾರು ಬಾಯಿ ಬಿಡುತ್ತಾರೆ? ಪಕ್ಕದ ಹೊಲದ ಅಜ್ಜಿಯಂತೂ ನನ್ನ ಕಣ್ಣು ತಪ್ಪಿಸಿ ಆಕಾಶ ನೋಡಿದರು. ಯಜಮಾನರು "ನಾನೇ ಸಾಮಿ, ನಾನೇ" ಅನ್ನುತ್ತಿದ್ದರು. ಸಾಹೇಬರು, "ನೀನಂತೂ ಹೇಳ್ತೀಯಪ್ಪ, ಬೇರೆಯವರು ಹೇಳಬೇಕಲ್ಲ" ಅಂದರು.

ಬಿಸಿಲು ಚುರುಗುಟ್ಟುತ್ತಿತ್ತು. ಸಾಹೇಬರು ಬದುವಿನ ಹೊಂಗೆಮರದ ನೆರಳಿಗೆ ಬಂದರು. ಅಲ್ಲಿ ನಮ್ಮ ಮುನೇಶ್ವರನ ಕಲ್ಲು. ಪುಣ್ಯಾತ್ಮರು, ನೋಡಿದ ಕೂಡಲೇ ಬೂಟು ಬಿಚ್ಚಿದರು. ಕಲ್ಲಿನ ಅರಿಶಿನ ಇನ್ನೂ ಮಾಸಿರಲಿಲ್ಲ.

"ಈ ದೇವರಿಗೆ ಪೂಜೆ ಮಾಡೋದು ಯಾರು?"

ಅಳಿಯ ತಟ್ಟನೆ ಹೇಳಿಬಿಟ್ಟರು. "ನಾವೇ ಸಾರ್. ಹೊಲ ನಮ್ಮದಾದ ಮೇಲೆ ದೇವರೂ ನಮ್ಮದೇ ಅಲ್ಲವೇ? ವರ್ಷ ವರ್ಷ ನಮ್ಮ ಮನೆಯಿಂದಲೇ ಆಗೋದು."

ಅಜ್ಜಿ ಕಿಸಕ್ಕನೆ ನಕ್ಕುಬಿಟ್ಟರು. ತಡೆಯಲು ಬಾಯಿಗೆ ಸೆರಗು ಒತ್ತಿದರೂ ಆಗಲಿಲ್ಲ.

"ಅಯ್ಯೋ ನನ್ನಪ್ಪಾ, ದೊಡ್ಮನೇಲಿ ಕೋಳಿ ಕುಯ್ಯೋದು ಯಾವಾಗಿಂದ?"

ದೊಡ್ಡಮನೆಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಯಾರದ್ದಾದರೂ ಮನೆಯಲ್ಲಿ ಬಾಡಿನ ಘಮಲು ಬಂದರೆ ಮೂಗು ಮುಚ್ಚಿಕೊಂಡು ದಾಟುವ ಜನ. ಕಲ್ಲಿನ ಬುಡದಲ್ಲಿ ನೋಡಿದರೆ ಅರಿಶಿನಕ್ಕೆ ಮೆತ್ತಿಕೊಂಡು ನಮ್ಮ ಹುಂಜದ ಕೆಂಪು ಪುಕ್ಕಗಳು! ಒಬ್ಬರು ನಕ್ಕರು, ಇನ್ನೊಬ್ಬರು ನಕ್ಕರು, ಹೊಲಕ್ಕೆ ಹೊಲವೇ ನಕ್ಕಿತು.

"ಹಂಗಾದ್ರೆ ಕೋಳಿ ಯಾರದಜ್ಜೀ?" ಅಂದರು ಸಾಹೇಬರು. ಅವರಿಗೂ ನಗು.

"ಇವ್ರದೇ ಸಾಮಿ. ರಾಗಿ ಕೊಯ್ಲಿಗೆ ಕುಡ್ಲು ಇಕ್ಕೋ ಮುಂಚೆ ಇವ್ರೇ ಕುಯ್ಯೋದು, ಈ ಹುಡುಗಿ ಮಾವನ ಕಾಲದಿಂದ. ನಮ್ಮನ್ನೆಲ್ಲ ಕರೆದು ಇಲ್ಲೇ ಉಣ್ಣಾಕ್ ಇಕ್ತಾರೆ. ಆದ್ರೆ ಇವಳ ಅತ್ತೆ ಅವ್ಳಲ್ಲ, ಒಂದು ವರ್ಸಾನಾದ್ರೂ ನಂಗೆ ತೊಡೆ ಹಾಕಿಲ್ಲ. ಬರೀ ಕತ್ತು!"

"ಹಲ್ಲಿಲ್ಲದೋಳಿಗೆ ತೊಡೆ ಯಾಕಮ್ಮಿ?" ಅತ್ತೆ ಅಲ್ಲಿಂದಲೇ ಕೂಗಿದರು.

ಸಾಹೇಬರು ಅಳಿಯನ ಕಡೆ ತಿರುಗಿದರು. "ಕೂಲಿಗೆ ಬರೋನು ಬೇರೆಯವರ ಹೊಲಕ್ಕೆ ತನ್ನ ಮನೆ ಕೋಳಿ ಕುಯ್ದು ಊರಿಗೆ ಊಟ ಹಾಕ್ತಾನೇನ್ರಿ?"

ಅಳಿಯ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು. ನನಗೇ ಅಯ್ಯೋ ಅನಿಸಿತು. ಆದರೆ ಅಷ್ಟರಲ್ಲಿ ಊರಿನ ಬಾಯಿ ಬಿಚ್ಚಿಕೊಂಡಿತ್ತು. ಹೊಲ ಯಾರು ಮಾಡ್ತಾರೆ ಅಂದರೆ ಮೂಗರಾಗಿದ್ದವರು, ಕೋಳಿ ಮಾತು ಬಂದಾಗ "ನಾನೂ ಉಂಡಿದೀನಿ ಸಾಮಿ", "ನಮ್ಮಪ್ಪನೂ ಉಂಡವ್ನೆ" ಅಂತ ಒಬ್ಬರಿಗಿಂತ ಒಬ್ಬರು ಮುಂದೆ. ದೇವರ ಎದುರು ನಿಂತು, ಉಂಡದ್ದನ್ನು ಇಲ್ಲ ಅನ್ನುವುದಾದರೂ ಹೇಗೆ? ಸಾಹೇಬರು ಅಲ್ಲೇ ಕೂತು ಎಲ್ಲರ ಹೇಳಿಕೆ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಹೊರಡುವಾಗ ಯಜಮಾನರಿಗೆ, "ಹೊಲ ಬಿಡಬೇಡಪ್ಪ, ಮುಂಗಾರಿಗೆ ಧೈರ್ಯವಾಗಿ ಉಳು" ಅಂದರು.

ಹೊಲ ಇವರ ಹೆಸರಿಗೆ ಅಂತ ಆದೇಶ ಬಂದಿದ್ದು ಆಮೇಲೆ, ಮುಂಗಾರು ಶುರುವಾದಾಗ. ಆದರೆ ನಾನು ಮುನೇಶ್ವರನಿಗೆ ಅಡ್ಡಬಿದ್ದಿದ್ದು ಜೀಪು ಹೋದ ಕೂಡಲೇ. ಆ ವರ್ಷ ಕೊಯ್ಲಾದ ಮೇಲೆ ಒಂದು ಹನಿ ಅಕಾಲದ ಮಳೆಯೂ ಬೀಳಲಿಲ್ಲ, ಪುಕ್ಕ ಕೊಚ್ಚಿಹೋಗಲಿಲ್ಲ. ಕಲ್ಲಿನ ಸುತ್ತ ಗುಡಿಸಿ ಬರಬೇಕು ಅಂತ ನಾನೂ ದಿನಾ ಅಂದುಕೊಳ್ಳುತ್ತಿದ್ದೆ, ಹೋಗಲು ಬಿಡುವಾಗಿರಲಿಲ್ಲ. ಅದೂ ಅವನದೇ ದಯೆ.

ದಾರಿಯಲ್ಲಿ ಅತ್ತೆ ಅಜ್ಜಿಯ ಕೈ ಬಿಡಲೇ ಇಲ್ಲ. "ಇವತ್ತು ನಮ್ಮನೇಲೇ ಉಣ್ಣಬೇಕು ಕಣಮ್ಮಿ."

"ತೊಡೆ ಹಾಕ್ತೀಯಾ?"

"ಸೋಮವಾರ ಕಣೆ ಇವತ್ತು! ಹಿತಕಿದ ಬೇಳೆ ಸಾರು. ಹಲ್ಲೂ ಬ್ಯಾಡ."

ಮನೆಗೆ ಬಂದು ನೋಡಿದರೆ ಮೊರ ಒಂದು ಕಡೆ, ಬೋಗುಣಿ ಒಂದು ಕಡೆ, ನಮ್ಮ ಹೇಂಟೆಕೋಳಿ ಬೇಳೆಯ ನಡುವೆ ನಿಂತು ಆರಾಮಾಗಿ ಕುಕ್ಕುತ್ತಿತ್ತು. ಬೇರೆ ದಿನವಾಗಿದ್ದರೆ ಪೊರಕೆ ಬೀಸುತ್ತಿದ್ದೆ. ಅವತ್ತು ಕೈ ಏಳಲಿಲ್ಲ. "ತಿಂದಿದ್ದು ಸಾಕು, ಹೋಗವ್ವ" ಅಂತ ಮೆಲ್ಲಗೆ ಸರಿಸಿದೆ. ಅಜ್ಜಿಗೂ ಆಗಬೇಕಲ್ಲ ಅಂತ, ನೆನೆದ ಕಾಳು ಇನ್ನೆರಡು ಹಿಡಿ ಬೊಗಸೆಗೆ ತೆಗೆದುಕೊಂಡು ಮತ್ತೆ ಹಿತುಕಲು ಕೂತೆ.